ಕರೆಂಟು ಹಚ್ಚಿದ ಗೂಳಿ ಗುಟುರು ಹಾಕ್ತದಾ?

ನಾನಿರೂದು ಇಟಲಿಯ ಬೊಲೊನ್ಯ ಹತ್ರ ಸಾನ್ ಜೊವಾನ್ನಿ ಇನ್ ಪೆರ್ಸಿಚೆತೊ ಅಂತ ಒಂದು ಊರಲ್ಲಿ, ಹೆಸರು ಉದ್ದ ಇದ್ರೂ ಊರು ನಮ್ಮ ಸಿರ್ಸಿಗಿಂತ ಸಣ್ಣದು. ಕೆಲಸ ಪ್ಯಾಕಿಂಗ್ ಮಷಿನ್ ಮಾಡೋ ಕಂಪನಿಲಿ, ಹಾಗಾಗಿ ಹೊಟ್ಟೆಪಾಡಿನ ಲೆಕ್ಕದಲ್ಲಿ ಕಾರಿಗೂ ನಂಗೂ ಎಂತ ಸಂಬಂಧನೂ ಇಲ್ಲ. ಆದ್ರೆ ಪಕ್ಕದ ಊರು ಸಾಂತಾಗಾತ ಬೊಲೊನೇಸೆ, ಗೂಳಿ ಗುರ್ತಿನ ಸ್ಪೋರ್ಟ್ಸ್ ಕಾರು ಲ್ಯಾಂಬೊರ್ಗಿನಿ ತಯಾರಾಗೂದು ಅಲ್ಲೇ. ಇದೊಂದು ಗೊತ್ತಾಗಿದ್ದೇ ತಡ, ಕಾರವಾರದ ಕಾಲೇಜ್ ದೋಸ್ತರಿಂದ ಹಿಡಿದು ಸಿರ್ಸಿಯ ಚಿಕ್ಕಪ್ಪನ ಮಗನ ತನಕ ಎಲ್ಲರದ್ದೂ ಅದೇ ಪ್ರಶ್ನೆ, ಹೊಸದು ನೋಡಿದ್ಯಾ ಮಾರಾಯ, ಸೌಂಡ್ ಹೆಂಗದೆ, ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಕರೆಂಟಿನ ಮೋಟರು) ಮಾಡಿ ಹಾಳು ಮಾಡಿದ್ರಂತಲ್ಲ ಹೌದಾ. ಒಬ್ಬೊಬ್ಬರಿಗೆ ವಾಯ್ಸ್ ಮೆಸೇಜ್ ಕಳಿಸಿ ಗಂಟಲು ಹೋಯ್ತು, ಅದ್ಕೆ ಇಲ್ಲೇ ಬರೆದು ಹಾಕ್ತಿದ್ದೇನೆ.

ಹೊಸದು ಅಂದ್ರೆ ತೆಮೆರಾರಿಯೊ. 2024ರ ಆಗಸ್ಟಲ್ಲಿ ಅಮೆರಿಕದ ಮಾಂಟೆರೇಲಿ ಮೊದಲು ತೋರಿಸಿದ್ರು. ಅದೇ ಕಂಪನಿಯ ಹಳೇ ಮಾಡೆಲ್ ಹುರಕಾನ್ ಜಾಗಕ್ಕೆ ಬಂದಿದ್ದು. ಹುರಕಾನಲ್ಲಿ 5.2 ಲೀಟರಿನ ವಿ10, ಅಂದ್ರೆ ಹತ್ತು ಸಿಲಿಂಡರಿನ ಎಂಜಿನ್ ಇತ್ತು, ಎಂಜಿನ್ನಿಗೆ ಗಾಳಿ ತುರುಕೋ ಟರ್ಬೊ ಇಲ್ಲ, ಬ್ಯಾಟರಿ ಇಲ್ಲ, ಎಂತದೂ ಇಲ್ಲ, ಬರೀ ಗಾಳಿ ಎಳ್ಕೊಂಡು ಕೂಗೋ ಎಂಜಿನ್. ಇದ್ರಲ್ಲಿ 4 ಲೀಟರಿನ ವಿ8, ಅದಕ್ಕೆ ಎರಡು ಟರ್ಬೊ, ಮೇಲಿಂದ ಮೂರು ಎಲೆಕ್ಟ್ರಿಕ್ ಮೋಟರು, ಎಲ್ಲಾ ಕೂಡಿ 920 ಹಾರ್ಸ್‌ಪವರ್. 0ಯಿಂದ 100ಕ್ಕೆ 2.7 ಸೆಕೆಂಡು, ಟಾಪ್ ಸ್ಪೀಡ್ 343. ಈ ನಂಬರೆಲ್ಲ ನಿಮಗೆ ಯೂಟ್ಯೂಬಲ್ಲೇ ಸಿಗ್ತದೆ, ನಾನು ಹೇಳೂದು ಬೇಡ.

ನಂಗೆ ಹೇಳ್ಬೇಕಾಗಿದ್ದು ಇಲ್ಲಿಯ ಹುಡುಗರು ಕಾಯೋ ರೀತಿ. ಫ್ಯಾಕ್ಟರಿ ಗೇಟು ಮೇನ್ ರೋಡಿಗೇ ಇದೆ, ಎದುರುಗಡೆ ಗದ್ದೆ, ಬೇಸಿಗೆಲಿ ನೆತ್ತಿ ಸುಡೋ ಬಿಸಿಲು, ಚಳಿಗಾಲದಲ್ಲಿ ಕೈ ಚಾಚಿದ್ರೆ ಬೆರಳು ಕಾಣದಷ್ಟು ಮಂಜು, ಎರಡರಲ್ಲೂ ಹುಡುಗರು ಸೈಕಲ್ ನಿಲ್ಸಿ ಫೋನ್ ಹಿಡ್ಕೊಂಡು ನಿಂತಿರ್ತಾರೆ. ಕಪ್ಪು ಬಿಳಿ ಸ್ಟಿಕರ್ ಸುತ್ತಿದ ಟೆಸ್ಟ್ ಕಾರು ಹೊರಗೆ ಬಂತು ಅಂದ್ರೆ ಎಲ್ಲಾ ಫೋನೂ ಒಟ್ಟಿಗೆ ಮೇಲೆ. ಫೋಟೊ ನೋಡಿ ಎಕ್ಸಾಸ್ಟ್ ಎಲ್ಲಿದೆ, ರೆಕ್ಕೆ ಎಷ್ಟು ದೊಡ್ಡದು, ಇದು ಮಾಮೂಲಿ ಮಾಡೆಲ್ಲಾ ಅಥವಾ ಮುಂದೆ ಬರೋ ಖಾರದ ಮಾಡೆಲ್ಲಾ ಅಂತ ರಾತ್ರಿ ತನಕ ಚರ್ಚೆ. ಒಂದು ಸಲ ಹಂಗೇ ಒಂದು ಕಾರು ಗೇಟಿಂದ ಬಂತು, ನಂ ಪಕ್ಕ ನಿಂತ ಹುಡುಗ ವಿಡಿಯೊ ಆನ್ ಮಾಡಿದ್ದ, ಕಾರು ಸದ್ದೇ ಇಲ್ದೆ ಹೋಯ್ತು. ಟಯರ್ ಕೆಳಗೆ ಜಲ್ಲಿ ಚರಚರ ಅಂದಿದ್ದು ಬಿಟ್ರೆ ಎಂತ ಇಲ್ಲ. ಅವನ ಮುಖ ನೋಡ್ಬೇಕಿತ್ತು ನೀವು!

ಅದು ಎಲೆಕ್ಟ್ರಿಕ್ ಮೋಡಲ್ಲಿ ಹೋಗಿದ್ದು, ಊರೊಳಗೆ ಓಡ್ಸೂಕೆ ಅಂತ ಕೊಟ್ಟಿದ್ದು. ಆಗ ಮುಂದಿನ ಎರಡು ಚಕ್ರ ಮಾತ್ರ ಎಳೀತದೆ, ಅಂದ್ರೆ ಆ ಹೊತ್ತಿಗೆ ಅದು ಫ್ರಂಟ್ ವೀಲ್ ಡ್ರೈವ್ ಲ್ಯಾಂಬೊರ್ಗಿನಿ, ನಮ್ಮ ಆಲ್ಟೊ ಥರಾನೇ. ಇಂಥ ಕೆಲ್ಸಕ್ಕೆ ಎಷ್ಟು ದೊಡ್ಡ ಬ್ಯಾಟರಿ ಇರ್ಬಹುದು ಹೇಳಿ ನೋಡುವ. 3.8 ಕಿಲೊವ್ಯಾಟ್ ಅವರ್. ಏಥರ್ 450 ಎಕ್ಸ್ ಸ್ಕೂಟರಿನ ದೊಡ್ಡ ಬ್ಯಾಟರಿಲೇ 3.7 ಇರ್ತದೆ! ಮೈಲೇಜ್ ಉಳಿಸೂಕೆ ಇಟ್ಟ ಬ್ಯಾಟರಿ ಅಲ್ಲ ಇದು ಅಂತ ಇಲ್ಲೇ ಗೊತ್ತಾಗ್ತದೆ, ಪೆಟ್ರೋಲ್ ಎಷ್ಟು ಕುಡೀತದೆ ಅಂತ ಕೇಳೋ ಮಾವಂದಿರು ದಯವಿಟ್ಟು ಇದನ್ನ ಗಮನಿಸಿ.

ಹಾಗಾದ್ರೆ ಎಂತಕ್ಕೆ ಇಟ್ರು? ಎಲ್ಲರೂ ಹೇಳೂದು ಯುರೋಪಿನ ಹೊಗೆ ಕಾನೂನು, ಅದು ಸುಳ್ಳಲ್ಲ, 2024ರೊಳಗೆ ಎಲ್ಲಾ ಮಾಡೆಲ್ಲೂ ಹೈಬ್ರಿಡ್ ಮಾಡ್ತೇವೆ ಅಂತ ಕಂಪನಿ 2021ರಲ್ಲೇ ಹೇಳಿ ಮಾಡಿ ತೋರಿಸ್ತು, ಮೊದಲು ವಿ12 ಇರೋ ರೆವುವೆಲ್ತೊ, ಆಮೇಲೆ ಉರುಸ್ ಎಸ್‌ಇ, ಆಮೇಲೆ ಇದು. ಆದ್ರೆ ನಂಗೆ ಮಜಾ ಅನ್ಸಿದ್ದು ಬೇರೆ. ಈ ವಿ8 ಎಂಜಿನ್ 10,000 ಆರ್‌ಪಿಎಂ, ಅಂದ್ರೆ ನಿಮಿಷಕ್ಕೆ ಅಷ್ಟು ಸುತ್ತು, ತನಕ ತಿರುಗ್ತದೆ. ಟರ್ಬೊ ಇರೋ ರೋಡ್ ಕಾರಲ್ಲಿ ಇದು ಮಾಮೂಲಿಯಾಗಿ ನಡೆಯೋ ಮಾತಲ್ಲ. ಯಾಕಂದ್ರೆ ಅಷ್ಟು ಮೇಲೆ ಉಸಿರಾಡೂಕೆ ದೊಡ್ಡ ಟರ್ಬೊ ಬೇಕು, ದೊಡ್ಡ ಟರ್ಬೊ ಹಾಕಿದ್ರೆ ಕೆಳಗೆ, ಅಂದ್ರೆ ಎರಡು ಮೂರು ಸಾವಿರದಲ್ಲಿ, ಅದು ತಿರುಗೂಕೇ ಹೊತ್ತು ತಗೊಳ್ತದೆ, ಆಕ್ಸಿಲರೇಟರ್ ಒತ್ತಿದ್ರೂ ಗಾಡಿ ನಿದ್ದೆಲಿದ್ದ ಹಾಗೆ ಇರ್ತದೆ. ಆ ನಿದ್ದೆ ಹೊತ್ತಿಗೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂತ ಮೋಟರು 300 ನ್ಯೂಟನ್ ಮೀಟರ್ ಟಾರ್ಕ್, ಅಂದ್ರೆ ತಿರುಗಿಸೋ ಬಲ, ತಟ್ಟನೆ ಕೊಡ್ತದೆ, ಕೆಳಗಿನ ಚಿಂತೆ ಮೋಟರಿಗೆ ಬಿಟ್ಟು ಎಂಜಿನ್ ಮಾಡಿದವರು ಮೇಲಿನ ಆಟಕ್ಕೆ ಮಾತ್ರ ಎಂಜಿನ್ ಕಟ್ಟಿದ್ರು. ಅಂದ್ರೆ ಕರೆಂಟು ಬಂದು ಕೂಗು ಹೋಯ್ತು ಅಂತ ಅಳೋರಿಗೆ ನಾನು ಹೇಳೂದು ಎಂತಂದ್ರೆ, ಕರೆಂಟು ಇದ್ದಿದ್ದಕ್ಕೇ ಈ ಕೂಗು ಉಳೀತು. ಹುರಕಾನ್ ಪೂರ್ತಿ ಶಕ್ತಿ ಕೊಡ್ತಿದ್ದಿದ್ದು 8,000 ಆರ್‌ಪಿಎಂ ಹತ್ರ, ಇದು 9,000ದ ಮೇಲೆ.

ಸೌಂಡು ಅದೇನಾ ಅಂದ್ರೆ ಅಲ್ಲ, ಅದೂ ನಿಜ. ಎಕ್ಸಾಸ್ಟಿನ ಬಿಸಿಗಾಳಿ ಟರ್ಬೊದ ಚಕ್ರ ತಿರುಗಿಸಿ ಹೊರಗೆ ಬರೂದ್ರಿಂದ ಅರ್ಧ ಕೂಗು ಅಲ್ಲೇ ಖರ್ಚಾಗಿರ್ತದೆ. ದೂರದಿಂದ ಕೇಳಿದ್ರೆ ಹೊಸದು ಸ್ವಲ್ಪ ಒಣಾ ಅನ್ನಿಸ್ತದೆ, ಹಳೇದು ಗದ್ದೆಯಾಚೆ ಎಲ್ಲೋ ಗೇರ್ ಬದಲಿಸಿದ್ರೂ ಎದೆಗೆ ಬಂದು ತಟ್ತಿತ್ತು. ನಮ್ಮಲ್ಲಿ ಇಡೀ ರಾತ್ರಿಯ ಯಕ್ಷಗಾನದ ಆಟ ಕಾಲಮಿತಿ ಆದಾಗ ಹಳೇ ರಸಿಕರು ಬೆಳಗಿನ ಜಾವದ ಪ್ರಸಂಗದ ಗಮ್ಮತ್ತೇ ಹೋಯ್ತು ಅಂತ ಗೊಣಗ್ತಾ ಗೊಣಗ್ತಾ ಮುಂದಿನ ಸಾಲಲ್ಲೇ ಕೂತು ಹತ್ತೂವರೆಯ ಏರುಪದಕ್ಕೆ ತಲೆದೂಗ್ತಾರಲ್ಲ, ಇಲ್ಲಿನವರೂ ಅದೇ ಜಾತಿ. ಬೈತಾರೆ, ಬೈದು ಮರುದಿನ ಗೇಟಿಗೆ ಹೋಗ್ತಾರೆ.

ನಂ ಮನೆ ಓನರ್ ಮಗ ಅಂತೂ ಇನ್ನೂ ಕ್ಷಮಿಸಿಲ್ಲ. ವಿ8 ಅಂದ್ರೆ ಫೆರಾರಿಯವರದ್ದು, ನಮ್ಮದು ವಿ10 ಮತ್ತೆ ವಿ12, ಹೀಗೆ ಅವನ ವಾದ. ನಂಗೆ ನಗು ಬರ್ತದೆ. ವಿ10 ಈ ಕಂಪನಿಗೆ ಬಂದಿದ್ದೇ 2003ರಲ್ಲಿ, ಗಲ್ಯಾರ್ಡೊ ಕಾರಿನ ಜೊತೆ, ಅದೂ 1998ರಲ್ಲಿ ಜರ್ಮನಿಯ ಆಡಿ ಕೊಂಡುಕೊಂಡ ಮೇಲೆ. ಮುಂದೆ ಅದೇ ವಿ10 ಆಡಿ ಆರ್8ಗೂ ಹೋಯ್ತು, ಇದು ಇಟಲಿ ಕಾರಾ ಜರ್ಮನಿ ಕಾರಾ ಅಂತ ಮೂಗು ಮುರಿದವರು ಕಮ್ಮಿ ಇರ್ಲಿಲ್ಲ. ವಿ8 ಆದ್ರೆ 70ರ ದಶಕದ ಉರ್ರಾಕೊದಲ್ಲೇ ಇತ್ತು, 80ರ ದಶಕದ ಹಾಲ್ಪಾದಲ್ಲಿ ಇತ್ತು. ಇಪ್ಪತ್ತು ವರ್ಷ ಕೇಳಿದ್ದನ್ನ ಸಂಪ್ರದಾಯ ಅಂದ್ಕೊಳ್ಳೋ ವಯಸ್ಸು ಅವನಿಗೆ, ಹತ್ತೊಂಬತ್ತು ವರ್ಷದ ಹುಡುಗ, ಪಾಪ.

ಬ್ರಾಂಡಿನ ಗುಣ ಬದಲಾಯ್ತು ಅಂತಾರಲ್ಲ, ಮೊದಲು ಯಾವ ಗುಣ ಅಂತ ಕೇಳ್ಬೇಕು. ಫೆರೂಚ್ಚೊ ಲ್ಯಾಂಬೊರ್ಗಿನಿ ರೈತರ ಮನೆ ಮಗ, ಯುದ್ಧ ಮುಗಿದ ಮೇಲೆ ಟ್ರ್ಯಾಕ್ಟರ್ ಮಾಡಿ ದುಡ್ಡು ಮಾಡಿದವ, 1963ರಲ್ಲಿ ಕಾರು ಕಂಪನಿ ಶುರು ಮಾಡಿದಾಗ ಅವನಿಗೆ ಬೇಕಾಗಿದ್ದು ದೂರಪ್ರಯಾಣದ ಸುಖವಾದ ಕಾರು, ರೇಸಂತೂ ಬೇಡವೇ ಬೇಡ. ಮಿಯುರಾ, ಕುಂಟಾಶ್ ಅಂತ ವೇಗದ ಕಾರಿನ ಹುಚ್ಚು ಆಮೇಲೆ ಹಿಡೀತು. 1986ರಲ್ಲಿ ಎಲ್‌ಎಂ002 ಅಂತ ವಿ12 ಹಾಕಿದ ಜೀಪೂ ಮಾಡಿದ್ರು. ಈಗ 2024ರಲ್ಲಿ ಮಾರಿದ 10,687 ಗಾಡಿಲಿ ಅರ್ಧಕ್ಕಿಂತ ಹೆಚ್ಚು ಉರುಸ್, ಅಂದ್ರೆ ದೊಡ್ಡ ಎಸ್‌ಯುವಿ, ಅದರ ದುಡ್ಡಲ್ಲೇ ಈ ಹುಚ್ಚೆಲ್ಲ ನಡೆಯೂದು. ಇಲ್ಲಿಂದ ಸ್ವಲ್ಪ ದೂರದ ಮರನೆಲ್ಲೊದಲ್ಲೂ ಇದೇ ಕತೆ, 2021ರಲ್ಲಿ ಫೆರಾರಿ 296ಕ್ಕೆ ವಿ6 ಹೈಬ್ರಿಡ್ ಹಾಕ್ತು. 60ರ ದಶಕದ ಕೊನೆಲಿ ವಿ6 ಇರೋ ಡಿನೊ ಮಾಡಿದಾಗ ಅದರ ಮೇಲೆ ಫೆರಾರಿ ಹೆಸ್ರೇ ಹಾಕಿರ್ಲಿಲ್ಲ ಅವ್ರು. ಈಗ ಹಾಕಿದ್ರು, ಜನ ತಗೊಂಡ್ರು.

ನನ್ನ ತಕರಾರು ಇರೂದು ಒಂದೇ, ತೂಕ. ಹುರಕಾನ್ ಟೆಕ್ನಿಕಾ ಎಣ್ಣೆ ನೀರು ಬಿಟ್ಟು 1,379 ಕೆಜಿ, ತೆಮೆರಾರಿಯೊ 1,690. ಮುನ್ನೂರು ಕೆಜಿ ಮೇಲೆ! ನಾಲ್ಕು ಜನ ದೊಡ್ಡವರನ್ನ ಕೂರಿಸ್ಕೊಂಡು ದೇವಿಮನೆ ಘಾಟಿ ಹತ್ತಿಳಿದವರಿಗೆ ಗೊತ್ತು, ಎಳೀತದೆ ಎಳೀತದೆ, ಆದ್ರೆ ತಿರುವಲ್ಲಿ ಬ್ರೇಕ್ ಹಿಡಿವಾಗ ಗಾಡಿ ಬೇರೆಯವರದ್ದು ಅನ್ನಿಸ್ತದೆ. ಮುಂದಿನ ಮೋಟರು ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ತಿರುಗಿ ತಿರುವಿಗೆ ಸಹಾಯ ಮಾಡ್ತದೆ ಅನ್ನೂದು ಸರಿ, ಆದ್ರೆ ಕಂಪ್ಯೂಟರ್ ಮುಚ್ಚಿಟ್ಟ ತೂಕನೂ ತೂಕನೇ ಅಲ್ವಾ. ಸೌಂಡಿಗೆ ಅಳೋ ಹುಡುಗರು ಇದಕ್ಕೆ ಅತ್ರೆ ನಾನೂ ಜೊತೆಗೆ ಕೂತು ಅಳ್ತೇನೆ.

ಊರಿನ ಉಳಿದ ಪ್ರಶ್ನೆಗೆ ಬೇಗ ಬೇಗ ಉತ್ತರ. ಇಂಡಿಯಾದಲ್ಲಿ ಬಂದಾಗಿದೆ, 2025ರ ಏಪ್ರಿಲಲ್ಲಿ, ಆಗಿನ ಶೋರೂಮ್ ರೇಟೇ 6 ಕೋಟಿ. ಚಿಕ್ಕಪ್ಪನ ಮಗ ಅಡಿಕೆ ಕ್ವಿಂಟಲ್ ಲೆಕ್ಕದಲ್ಲಿ ಎಷ್ಟಾಗ್ತದೆ ಅಂತ ಕೇಳಿದ್ದ, ನೀನೇ ಲೆಕ್ಕ ಹಾಕು, ಕೊಳೆರೋಗದ ವರ್ಷ ಬಿಟ್ಟು ಹಾಕು. ಕಾರವಾರದವರಿಗೆ, ಹೌದು, ಹೈವೇಲಿ ಗೋವಾ ಕಡೆಯಿಂದ ಬಂದು ಬೀಚಿನ ಹತ್ರ ಫೋಟೊ ತೆಗ್ಸಿಕೊಳ್ಳೋ ಸಾಹುಕಾರ್ರು ಮುಂದೆ ಇದನ್ನೂ ತರ್ಬಹುದು, ಸದ್ದಿಲ್ದೆ ಬಂದ್ರೆ ಆಶ್ಚರ್ಯ ಪಡಬೇಡಿ.

ಬರೋರಿದ್ರೆ ಹೇಳಿ. ಬೊಲೊನ್ಯ ತನಕ ರೈಲು, ಅಲ್ಲಿಂದ ನನ್ನ ಹಳೇ ಪುಂತೊ ಕಾರು ಇದೆ, ಕರ್ಕೊಂಡು ಹೋಗ್ತೇನೆ. ಸಾಂತಾಗಾತದ ಮ್ಯೂಸಿಯಂ, ಫ್ಯಾಕ್ಟರಿ ಟೂರು ಎರಡಕ್ಕೂ ಮೊದಲೇ ಬುಕ್ ಮಾಡೂದು ಒಳ್ಳೇದು. ತೋಟ ಗದ್ದೆ ಮಾಡೋ ಅಪ್ಪಂದಿರನ್ನ ಕರ್ಕೊಂಡು ಬಂದ್ರೆ ಫೂನೊ ಅನ್ನೋ ಊರಲ್ಲಿ ಫೆರೂಚ್ಚೊನ ಮನೆಯವರದ್ದೇ ಬೇರೆ ಮ್ಯೂಸಿಯಂ ಇದೆ, ಹಳೇ ಟ್ರ್ಯಾಕ್ಟರೆಲ್ಲ ಅಲ್ಲಿದೆ, ಅವ್ರು ಅಲ್ಲಿಂದ ಏಳೂದಿಲ್ಲ. ಆಗಸ್ಟ್ ನಡುವಲ್ಲಿ ಮಾತ್ರ ಟಿಕೆಟ್ ಮಾಡಬೇಡಿ, ಆಗ ಇಲ್ಲಿಯ ಫ್ಯಾಕ್ಟರಿಗೆಲ್ಲ ರಜೆ, ಊರಿಗೆ ಊರೇ ಸಮುದ್ರದ ಬದಿಗೆ ಹೋಗಿರ್ತದೆ, ಗೇಟಲ್ಲಿ ಹುಡುಗರೂ ಇರೂದಿಲ್ಲ.