ಏಳನೇ ಈವೆಂಟ್

ನಾನು ನಮ್ ಕಾಲೇಜಲ್ಲಿದ್ದಿದ್ದು 2003ರಿಂದ 2006ರವರೆಗೆ, ಆದ್ರೆ ಕ್ಲಾಸ್‌ರೂಮಿಗಿಂತ ಜಾಸ್ತಿ ನೆನಪಿರೋದು ಕಂಠೀರವ ಸ್ಟೇಡಿಯಂ. ಬೆಳಗಿನ ಫಸ್ಟ್ ಬಸ್ಸಿಗೆ ಕಾರ್ಪೊರೇಷನ್ ಹತ್ರ ಇಳಿದು ಓಟದ ಸ್ಪೈಕ್ಸ್ ಶೂ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ನಡೀತಾ ಇದ್ರೆ ಕಬ್ಬನ್ ಪಾರ್ಕ್ ಕಡೆಯ ಚಳಿಗಾಳಿಗೆ ಬೆರಳೆಲ್ಲ ಮರಗಟ್ಟೋದು.

ನನ್ನನ್ನ ಹೆಪ್ಟಾಥ್ಲಾನ್‌ಗೆ, ಅಂದ್ರೆ ಎರಡು ದಿನದಲ್ಲಿ ಏಳು ಈವೆಂಟ್ ಸೇರಿದ ಒಂದೇ ಸ್ಪರ್ಧೆಗೆ, ಹಾಕಿದ್ದು ಪಿಇ (ದೈಹಿಕ ಶಿಕ್ಷಣ) ಮೇಡಮ್. ಮೊದಲನೇ ದಿನ 100 ಮೀಟರ್ ಹರ್ಡಲ್ಸ್, ಹೈಜಂಪ್, ಶಾಟ್‌ಪುಟ್, 200 ಮೀಟರ್, ಮಾರನೇ ದಿನ ಲಾಂಗ್‌ಜಂಪ್, ಜಾವೆಲಿನ್, ಆಮೇಲೆ ಮೈಯಲ್ಲಿ ಏನೂ ಉಳಿದಿರಲ್ಲ ಅನ್ನೋ ಹೊತ್ತಿಗೆ 800 ಮೀಟರ್. ಇಲ್ಲಿ ಯಾರು ಫಸ್ಟ್ ಬಂದ್ರು ಅನ್ನೋದಕ್ಕಿಂತ ಟೈಮು, ದೂರ, ಎತ್ತರನೆಲ್ಲ ಪಾಯಿಂಟಾಗಿ ಬದಲಾಯಿಸೋ ಪಾಯಿಂಟ್ಸ್ ಟೇಬಲ್ ಮುಖ್ಯ, 800ರಲ್ಲಿ ಒಂದೇ ಒಂದು ಸೆಕೆಂಡಿಗೆ ಹತ್ತು ಹದಿನಾಲ್ಕು ಪಾಯಿಂಟ್ ಹೋಗುತ್ತೆ.

ಆಗ ನಮಗೆಲ್ಲ ಒಂದೇ ಹೆಸರು, ಜೆ.ಜೆ. ಶೋಭಾ. ಧಾರವಾಡ ಕಡೆಯ ಪಶುಪತಿಹಾಳದ ಹುಡುಗಿ, 2002ರ ಬೂಸಾನ್ ಏಷ್ಯನ್ ಗೇಮ್ಸಲ್ಲಿ ಕಂಚು, 2004ರಲ್ಲಿ ದೆಹಲಿಯಲ್ಲಿ 6211 ಪಾಯಿಂಟ್ ಮಾಡಿ ನ್ಯಾಷನಲ್ ರೆಕಾರ್ಡ್. ಅದೇ ವರ್ಷ ಆಗಸ್ಟಲ್ಲಿ ಅಥೆನ್ಸ್ ಒಲಿಂಪಿಕ್ಸ್. ಜಾವೆಲಿನ್ ಎಸೆಯೋವಾಗ ಅವರ ಎಡಗಾಲಿನ ಪಾದದ ಕೀಲಿಗೆ ಏಟಾಗಿ ಫೀಲ್ಡಿಂದ ಎತ್ಕೊಂಡೇ ಹೋಗಬೇಕಾಯ್ತು, ಎಲ್ಲ ಮುಗೀತು ಅಂದ್ಕೊಳ್ಳೋಷ್ಟರಲ್ಲಿ ಕಾಲಿಗೆ ಬ್ಯಾಂಡೇಜ್ ಸುತ್ಕೊಂಡು 800ಕ್ಕೆ ಬಂದು ನಿಂತ್ರು. ಆ ರೇಸಲ್ಲಿ ಮೂರನೆಯವರಾಗಿ ಮುಗಿಸಿದ್ರು, ಒಟ್ಟಾರೆ 11ನೇ ಸ್ಥಾನ. ಈ ಸುದ್ದಿ ಬಂದಿದ್ದ ಪೇಪರನ್ನ ರೀಡಿಂಗ್ ರೂಮಲ್ಲಿ ನಾವು ನಾಲ್ಕು ಜನ ಒಬ್ರ ಮೇಲೊಬ್ರು ಬಗ್ಗಿ ಓದಿದ್ವಿ, ಯಾರೂ ಮಾತಾಡ್ಲಿಲ್ಲ.

ಧೈರ್ಯದ ಮಾತು ಹಾಗಿರ್ಲಿ, ಅದರ ಹಿಂದಿನ ರೂಲ್ ಗೊತ್ತಿದ್ರೇನೇ ಅವರು ಯಾಕೆ ಓಡಿದ್ರು ಅಂತ ಅರ್ಥ ಆಗೋದು. ಹೆಪ್ಟಾಥ್ಲಾನಲ್ಲಿ ಫೌಲ್ ಮಾಡಿ ಸೊನ್ನೆ ತಗೊಂಡ್ರೂ ಮುಂದಿನ ಈವೆಂಟ್ ಆಡಬಹುದು, ಆದ್ರೆ ಒಂದೇ ಒಂದಕ್ಕೆ ಸ್ಟಾರ್ಟ್ ಮಾಡ್ಲಿಲ್ಲ ಅಂದ್ರೆ ಫೈನಲ್ ಲಿಸ್ಟಲ್ಲಿ ನೀನು ಇರೋದೇ ಇಲ್ಲ. ಅಂದ್ರೆ ಶೋಭಾ ಅವತ್ತು ಕೂತಿದ್ರೆ ಆರು ಈವೆಂಟಿನ ದುಡಿಮೆ ಪೂರ್ತಿ ನೀರಲ್ಲಿ ಹೋಮ.

ಅದಾಗಿ ಸ್ವಲ್ಪ ದಿನಕ್ಕೆ ನಮ್ಮ ಇಂಟರ್ ಕಾಲೇಜ್ ಮೀಟ್. ಎರಡನೇ ದಿನ ಜಾವೆಲಿನ್‌ನಲ್ಲಿ ನಂದು ಮೂರಕ್ಕೆ ಮೂರೂ ಫೌಲ್. ಸ್ಪೈಕ್ಸ್ ಬಿಚ್ಚಿ ಗೋಡೆಗೆ ಒರಗಿ ಅಳ್ತಾ ಕೂತಿದ್ದೆ. ಮೇಡಮ್ ಬಂದು ಏನೂ ಬುದ್ಧಿ ಹೇಳ್ಲಿಲ್ಲ, ಎದುರಿಗೆ ಕೂತು ನನ್ ಕಾಲನ್ನ ತಮ್ಮ ತೊಡೆ ಮೇಲಿಟ್ಕೊಂಡು ಲೇಸ್ ಕಟ್ಟೋಕೆ ಶುರು ಮಾಡಿದ್ರು, ಅಷ್ಟೇ. ಎದ್ದು ಹೋಗಿ ಓಡಿದೆ.

ಶೋಭಾ 2006ರಲ್ಲಿ ದೋಹಾ ಏಷ್ಯನ್ ಗೇಮ್ಸಲ್ಲೂ ಕಂಚು ಗೆದ್ರು. 2010ರಲ್ಲಿ ಗ್ವಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ ನಮ್ಮವರೇ ಪ್ರಮೀಳಾ ಅಯ್ಯಪ್ಪ ಇದೇ ಹೆಪ್ಟಾಥ್ಲಾನಲ್ಲಿ ಕಂಚು ತಂದಾಗ ನಾನು ಆಫೀಸಲ್ಲಿ ಕೂತು ಒಬ್ಬಳೇ ಚಪ್ಪಾಳೆ ತಟ್ಟಿದ್ದೆ.

ಆ ಮೀಟಿನ ರಿಸಲ್ಟ್ ಶೀಟಿನ ಜೆರಾಕ್ಸ್ ಇನ್ನೂ ನನ್ ಹತ್ರ ಇದೆ. ಜಾವೆಲಿನ್ ಕಾಲಂನಲ್ಲಿ ಸೊನ್ನೆ, ಅದರ ಪಕ್ಕ 800ರ ಟೈಮಿಂಗ್, ಅದರ ಪಕ್ಕ ಮೇಡಮ್ ಪೆನ್ನಲ್ಲಿ ರೌಂಡ್ ಹಾಕಿಕೊಟ್ಟ ನನ್ ಟೋಟಲ್.