ಯಾವ ಬಾವುಟದ ಹಡಗು ಎಂದು ಮೊದಲು ಕೇಳು

ಮಳೆಗಾಲದ ಮೀನುಗಾರಿಕೆ ನಿಷೇಧದ ದಿನಗಳಿವು. ಬೈತಖೋಲ ಬಂದರಿನಲ್ಲಿ ಪರ್ಸೀನ್ ಬೋಟುಗಳು ಒಂದಕ್ಕೊಂದು ಹಗ್ಗ ಬಿಗಿದುಕೊಂಡು ನಿಂತಿವೆ. ಜುಲೈ ಮುಗಿಯುವ ತನಕ ಅವು ಕದಲುವುದಿಲ್ಲ. ಮೊನ್ನೆ ಸಂಜೆ ತಂಗಿಯ ಮಗ ನೆನೆದ ಕೊಡೆಯನ್ನು ಜಗಲಿಯಲ್ಲಿ ಬಿಡಿಸಿಟ್ಟು, ಪ್ಲಾಸ್ಟಿಕ್ ಚೀಲದಿಂದ ಒಂದು ಒಪ್ಪಂದ ಪತ್ರ ತೆಗೆದು ನನ್ನ ಮುಂದಿಟ್ಟ. ಸಮುದ್ರದಡಿಯ ತೈಲ ಹುಡುಕುವ ಸರ್ವೆ ಹಡಗಿನಲ್ಲಿ ಡೆಕ್ಕಿನ ಕೆಲಸ. ಇಲ್ಲಿ ಬಲೆ ಎಳೆದು ಬರುವ ಪಾಲಿಗಿಂತ ಸಂಬಳ ಎಷ್ಟೋ ಹೆಚ್ಚು. ಕೆಲಸದ ಸ್ಥಳ ದಕ್ಷಿಣ ಚೀನಾ ಸಮುದ್ರ.

“ಮಾಮ, ಕಂಪನಿಗೆ ಅಲ್ಲಿನ ಸರ್ಕಾರದ ಲೈಸೆನ್ಸ್ ಇದೆಯಂತೆ. ಮತ್ತೆ ಹೆದರುವುದೇನಿದೆ?” ಎಂದ.

ಅಂಥ ಹಡಗುಗಳಲ್ಲಿ ನಾನು ಹತ್ತೊಂಬತ್ತು ವರ್ಷ ಕೇಬಲ್ ಎಳೆದಿದ್ದೇನೆ. ಹಡಗಿನ ಹಿಂದೆ ಆರೆಂಟು ಕಿಲೋಮೀಟರ್ ಉದ್ದದ ಕೇಬಲ್‌ಗಳು ತೇಲುತ್ತಾ ಬರುತ್ತಿರುತ್ತವೆ. ಒತ್ತಿಟ್ಟ ಗಾಳಿಯನ್ನು ನೀರಿನೊಳಗೆ ಸಿಡಿಸಿದಾಗ ತಳದ ಬಂಡೆಗಳಿಂದ ಮರಳಿ ಬರುವ ಸದ್ದನ್ನು ಅವು ಹಿಡಿಯುತ್ತವೆ. ಹಡಗು ನಾಲ್ಕೈದು ನಾಟ್ ವೇಗದಲ್ಲಿ ನೇರವಾಗಿ ಸಾಗುತ್ತಲೇ ಇರಬೇಕು. ಥಟ್ಟನೆ ನಿಲ್ಲುವಂತಿಲ್ಲ, ತಿರುಗುವಂತಿಲ್ಲ. ಒಂದು ಬೆಳಗಿನ ಜಾವ ಬೇರೊಂದು ದೇಶದ ಗಸ್ತು ಹಡಗು ನಮ್ಮ ಪಕ್ಕಕ್ಕೆ ಬಂದು, ಇದು ನಮ್ಮ ನೀರು, ಹೊರಡಿ ಎಂದು ರೇಡಿಯೋದಲ್ಲಿ ಹೇಳಿತು. ನಮ್ಮ ಕ್ಯಾಪ್ಟನ್ ಲೈಸೆನ್ಸಿನ ಸಂಖ್ಯೆಯನ್ನು ಓದಿ ಹೇಳಿದರು. ಆ ಕಡೆಯಿಂದ ಅದೇ ಮಾತು ಮತ್ತೆ ಬಂತು. ಒಂಬತ್ತು ಗಂಟೆ ಕಾಲ ನಾವು ಕೇಬಲ್ ಸುತ್ತಿದೆವು. ಗಸ್ತು ಹಡಗು ಅಷ್ಟೂ ಹೊತ್ತು ಕೂಗಳತೆಯ ದೂರದಲ್ಲೇ ಇತ್ತು. ಅದರ ಮುಂಭಾಗದ ತೋಪಿನ ಮೇಲಿನ ಹೊದಿಕೆಯನ್ನು ಯಾರೋ ತೆಗೆದಿದ್ದರು. ಗುಂಡು ಹಾರಲಿಲ್ಲ, ಯಾರಿಗೂ ಗಾಯವಾಗಲಿಲ್ಲ. ಆದರೂ ಆ ತೆರೆದ ತೋಪು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. 2011ರ ಮೇ 26ರಂದು ವಿಯೆಟ್ನಾಮಿನ ‘ಬಿನ್ ಮಿನ್ 02’ ಸರ್ವೆ ಹಡಗಿನ ಕೇಬಲನ್ನು ಚೀನಾದ ಗಸ್ತು ಹಡಗುಗಳು ಕತ್ತರಿಸಿದ ಸುದ್ದಿ ಓದಿದಾಗ ನನಗೆ ನೆನಪಾದದ್ದು ಅದೇ.

ಲೈಸೆನ್ಸ್ ಎಂದರೇನು ಎಂಬುದನ್ನು ಹುಡುಗನಿಗೆ ನಮ್ಮೂರಿನ ಲೆಕ್ಕದಲ್ಲೇ ಹೇಳಿದೆ. ಅಣ್ಣತಮ್ಮಂದಿರ ನಡುವೆ ಗಜನಿ ಗದ್ದೆಯ ಹಿಸ್ಸೆ ಜಗಳವಿದೆ ಎಂದುಕೊ. ಅಣ್ಣ ನಿನಗೆ ಗೇಣಿಗೆ ಕೊಟ್ಟ, ಚೀಟಿಯನ್ನೂ ಬರೆದುಕೊಟ್ಟ. ತಮ್ಮ ಬಂದು ಬದುವಿನ ಮೇಲೆ ನಿಂತರೆ ಆ ಚೀಟಿಗೆ ಬೆಲೆ ಎಷ್ಟು? ಹಿಸ್ಸೆ ದಾವೆಯಲ್ಲಿ ನೀನು ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ಸಮುದ್ರದ ಗಡಿಯ ದಾವೆಗಳಲ್ಲಿ ಕಂಪನಿಯ ಸ್ಥಿತಿಯೂ ಇದೇ. ಅಲ್ಲಿ ದೇಶದೆದುರು ದೇಶ ನಿಲ್ಲುತ್ತದೆ.

ದಕ್ಷಿಣ ಅಮೆರಿಕದ ಗಯಾನಾ ದೇಶ ಸಿಜಿಎಕ್ಸ್ ಎಂಬ ಕೆನಡಾದ ಕಂಪನಿಗೆ ಲೈಸೆನ್ಸ್ ಕೊಟ್ಟಿತ್ತು. 2000ದ ಜೂನ್ 3ರ ರಾತ್ರಿ ಆ ಕಂಪನಿಯ ಬಾವಿ ಕೊರೆಯುವ ರಿಗ್ ಬಳಿಗೆ ನೆರೆಯ ಸುರಿನಾಮಿನ ನೌಕಾಪಡೆಯ ದೋಣಿಗಳು ಬಂದು, ಹನ್ನೆರಡು ಗಂಟೆಯೊಳಗೆ ಹೊರಡಿ, ಇಲ್ಲವಾದರೆ ಪರಿಣಾಮ ನಿಮ್ಮದು ಎಂದವು. ರಿಗ್ಗಿನವರು ಹೊರಟರು. ಗಯಾನಾ 2004ರಲ್ಲಿ ದಾವೆ ಹೂಡಿತು. 2007ರ ಸೆಪ್ಟೆಂಬರ್ 17ರಂದು ಮಧ್ಯಸ್ಥಿಕೆ ಮಂಡಳಿ ತೀರ್ಪು ಕೊಟ್ಟಿತು. ವಿವಾದಿತ ನೀರಿನ ಹೆಚ್ಚಿನ ಭಾಗ ಗಯಾನಾಕ್ಕೆ ಸಿಕ್ಕಿತು. ಸುರಿನಾಮು ಬಲಪ್ರಯೋಗದ ಬೆದರಿಕೆ ಹಾಕಿದ್ದು ತಪ್ಪು ಎಂದೂ ಮಂಡಳಿ ಹೇಳಿತು. ಆದರೆ ಗಯಾನಾ ಕೇಳಿದ ಪರಿಹಾರವನ್ನು ಕೊಡಲಿಲ್ಲ.

ಆ ತೀರ್ಪಿನ ಇನ್ನೊಂದು ಮಾತನ್ನು ಈ ಕೆಲಸಕ್ಕೆ ಹೋಗುವವರೆಲ್ಲ ತಿಳಿದಿರಬೇಕು. 1982ರ ಸಮುದ್ರ ಕಾನೂನು ಒಡಂಬಡಿಕೆಯ 74 ಮತ್ತು 83ನೇ ವಿಧಿಗಳ ಪ್ರಕಾರ, ಗಡಿ ತೀರ್ಮಾನವಾಗುವ ತನಕ ಎರಡೂ ದೇಶಗಳು ತಾತ್ಕಾಲಿಕ ಹೊಂದಾಣಿಕೆಗೆ ಪ್ರಾಮಾಣಿಕವಾಗಿ ಪ್ರಯತ್ನಿಸಬೇಕು, ಅಂತಿಮ ಒಪ್ಪಂದವನ್ನು ಕೆಡಿಸುವ ಕೆಲಸ ಮಾಡಬಾರದು. ಸರ್ವೆ ಮಾಡಬಹುದು, ಸಮುದ್ರತಳಕ್ಕೆ ಶಾಶ್ವತ ಬದಲಾವಣೆ ತರುವ ಬಾವಿಯನ್ನು ಒಂದೇ ದೇಶದ ಮಾತಿನ ಮೇಲೆ ಕೊರೆಯುವಂತಿಲ್ಲ ಎಂದು ಮಂಡಳಿ ಹೇಳಿತು. ಗದ್ದೆಯನ್ನು ಅಳೆದು ಬರಬಹುದು, ಕಟ್ಟೆ ಒಡೆಯಬಾರದು. ಈ ವಿಚಾರದಲ್ಲಿ ಎರಡೂ ದೇಶಗಳು ಕರ್ತವ್ಯ ತಪ್ಪಿದ್ದವು ಎಂಬುದು ಮಂಡಳಿಯ ನಿರ್ಣಯವಾಗಿತ್ತು. ನನಗೆ ಇದು ತುಂಬ ನ್ಯಾಯವಾದ ಮಾತಾಗಿ ಕಾಣುತ್ತದೆ.

ಗೇಣಿ ಕೊಟ್ಟವನೇ ಏಳು ಎನ್ನುವುದೂ ಉಂಟು. ಸ್ಪೇನಿನ ರೆಪ್ಸೋಲ್ ಕಂಪನಿ ವಿಯೆಟ್ನಾಮಿನ ಲೈಸೆನ್ಸ್ ಹಿಡಿದು ಕೆಲಸ ಮಾಡುತ್ತಿತ್ತು. ಚೀನಾದ ಒತ್ತಡ ಹೆಚ್ಚಿದಾಗ, 2017ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ, ಲೈಸೆನ್ಸ್ ಕೊಟ್ಟ ವಿಯೆಟ್ನಾಮೇ ಕೆಲಸ ನಿಲ್ಲಿಸಿತು. ನಕ್ಷೆಯಲ್ಲಿ ಒಂಬತ್ತು ಗೆರೆ ಎಳೆದು ದಕ್ಷಿಣ ಚೀನಾ ಸಮುದ್ರದ ಬಹುಭಾಗ ತನ್ನದೆನ್ನುವ ಚೀನಾದ ಹಕ್ಕಿಗೆ ಕಾನೂನಿನ ಆಧಾರವಿಲ್ಲ ಎಂದು 2016ರ ಜುಲೈ 12ರಂದೇ ತೀರ್ಪು ಬಂದಿತ್ತು. ಚೀನಾ ಅದನ್ನು ಒಪ್ಪಿಲ್ಲ.

“ಹಾಗಾದರೆ ನಮ್ಮಂಥವರನ್ನು ಕೇಳುವವರು ಯಾರು?” ಎಂದ ಹುಡುಗ.

ಹಡಗಿನ ಬಾವುಟ, ಅಂದರೆ ಹಡಗು ನೋಂದಣಿಯಾದ ದೇಶ, ಎಂದೆ. ‘ಸೈಗಾ’ ಎಂಬ ಟ್ಯಾಂಕರಿನ ಕಥೆ ಹೇಳಿದೆ. ಅಲ್ಲಿ ಗಡಿಯ ಜಗಳವಿರಲಿಲ್ಲ, ಆದರೆ ನಾವಿಕರ ಮಟ್ಟಿಗೆ ಅದಕ್ಕಿಂತ ದೊಡ್ಡ ತೀರ್ಪು ನನಗೆ ಗೊತ್ತಿಲ್ಲ. ಪಶ್ಚಿಮ ಆಫ್ರಿಕಾದ ಗಿನಿ ದೇಶದ ಹೊರಗಡಲಿನಲ್ಲಿ ಅದು ಮೀನುಗಾರಿಕೆ ಬೋಟುಗಳಿಗೆ ಡೀಸೆಲ್ ತುಂಬಿಸುತ್ತಿತ್ತು. 1997ರ ಅಕ್ಟೋಬರ್‌ನಲ್ಲಿ ಗಿನಿಯವರು ಗುಂಡು ಹಾರಿಸಿ ಅದನ್ನು ಹಿಡಿದರು. ಹಡಗಿನಲ್ಲಿದ್ದ ಇಬ್ಬರಿಗೆ ಗಾಯವಾಯಿತು. ಮಾಲೀಕರು ಸೈಪ್ರಸ್‌ನವರು, ನಿರ್ವಾಹಕರು ಸ್ಕಾಟ್ಲೆಂಡಿನವರು, ನಾವಿಕರು ಉಕ್ರೇನಿನವರು. ಬಾವುಟ ಮಾತ್ರ ಕೆರಿಬಿಯನ್ನಿನ ಪುಟ್ಟ ದೇಶ ಸೇಂಟ್ ವಿನ್ಸೆಂಟ್‌ನದು. ಹ್ಯಾಂಬರ್ಗ್‌ನ ಸಮುದ್ರ ಕಾನೂನು ನ್ಯಾಯಮಂಡಳಿಗೆ ಹೋದದ್ದು ಆ ಪುಟ್ಟ ದೇಶ. ಹಡಗಿನ ತಾತ್ಕಾಲಿಕ ನೋಂದಣಿಯ ಅವಧಿ ಮುಗಿದಿತ್ತು ಎಂದು ಗಿನಿ ವಾದಿಸಿತು, ಮಂಡಳಿ ಒಪ್ಪಲಿಲ್ಲ. ಹಡಗು, ಅದರ ಸರಕು, ಅದರ ಮೇಲಿರುವ ಜನ, ಎಲ್ಲವೂ ಸೇರಿ ಒಂದೇ ಘಟಕ, ಯಾರು ಯಾವ ದೇಶದವರು ಎಂಬುದು ಮುಖ್ಯವಲ್ಲ ಎಂದಿತು. 1999ರ ಜುಲೈ 1ರ ತೀರ್ಪಿನಲ್ಲಿ 21 ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ಕೊಡಿಸಿತು. ಗಾಯಾಳುಗಳ ನೋವಿಗೆ, ಬಂಧನದಲ್ಲಿದ್ದವರ ದಿನಗಳಿಗೆ ಅದರಲ್ಲಿ ಲೆಕ್ಕವಿತ್ತು.

ನಂತರ ಇಬ್ಬರೂ ಕುಳಿತು ಒಪ್ಪಂದವನ್ನು ಮೊದಲಿನಿಂದ ಓದಿದೆವು. ಹದಿನೆಂಟು ಪುಟಗಳಲ್ಲಿ ಹಡಗಿನ ಹೆಸರಿರಲಿಲ್ಲ. ಬಾವುಟದ ಮಾತಂತೂ ಇಲ್ಲವೇ ಇಲ್ಲ. ಪರದೇಶದವರು ಹಿಡಿದಿಟ್ಟರೆ ಆ ದಿನಗಳ ಸಂಬಳವನ್ನು ಯಾರು ಕೊಡಬೇಕು ಎಂಬುದೂ ಇರಲಿಲ್ಲ. ಅವನು ಮೊಬೈಲ್ ತೆಗೆದು ಏಜೆನ್ಸಿಗೆ ಮೂರು ಪ್ರಶ್ನೆಗಳನ್ನು ಬರೆದ: ಹಡಗು ಯಾವ ದೇಶದಲ್ಲಿ ನೋಂದಣಿಯಾಗಿದೆ, ನೋಂದಣಿ ಎಂದಿನವರೆಗೆ ಇದೆ, ನಮ್ಮನ್ನು ಹಿಡಿದರೆ ಮನೆಗೆ ಹಣ ಕಳಿಸುವವರು ಯಾರು.

ನಿನ್ನೆ ಉತ್ತರ ಬಂತು. ಹಡಗಿನ ಹೆಸರು ಮತ್ತು ಬಾವುಟ ತಿಳಿಸಿದ್ದಾರೆ, ನೋಂದಣಿ ಪತ್ರದ ಪ್ರತಿ ಕಳಿಸಿದ್ದಾರೆ. ಮೂರನೆಯ ಪ್ರಶ್ನೆಗೆ ಉತ್ತರವಿಲ್ಲ. ಅವನು ಅದನ್ನೇ ಮತ್ತೊಮ್ಮೆ ಬರೆದು ಕಳಿಸಿದ್ದಾನೆ. ಸಹಿ ಮಾಡದ ಪತ್ರವು ನಮ್ಮ ಮನೆಯ ಕಪಾಟಿನಲ್ಲಿದೆ.