ಹೊಟ್ಟೆ ತುಂಬುವಷ್ಟು
ಯಾವೋ ಎಂಬ ದೊರೆ ತನ್ನ ಇಡೀ ರಾಜ್ಯವನ್ನೇ ಷು ಯೂ ಎಂಬುವನಿಗೆ ಕೊಡಲು ಬರುತ್ತಾನೆ. ಚೀನಾದ ದಾವೋ ಚಿಂತಕ ಜುವಾಂಗ್‌ಝಿ ಹೇಳುವ ಕತೆ ಇದು. ಷು ಯೂ ಬೇಡವೇ ಬೇಡ ಅನ್ನುತ್ತಾನೆ. ಕಾಡು ಎಷ್ಟೇ ದೊಡ್ಡದಿರಲಿ, ಪುಟ್ಟ ಹಕ್ಕಿಯ ಗೂಡಿಗೆ ಒಂದು ಕೊಂಬೆ ಸಾಕು. ಹೊಳೆಗೆ ಬಂದ ಹೆಗ್ಗಣ ಕುಡಿಯುವುದು ಹೊಟ್ಟೆ ತುಂಬುವಷ್ಟೇ. ನೀವು ಮನೆಗೆ ಹೋಗಿ ದೊರೆಗಳೇ ಅಂತ ಕಳಿಸಿಬಿಡುತ್ತಾನೆ!

ಇಲ್ಲಿ ಆಸೆಯನ್ನು ಪಾಪ ಅಂತ ಬೈಯುವುದಿಲ್ಲ. ನನಗೆ ಹಿಡಿಸಿದ್ದು ಅದೇ. ಬಾಯಾರಿದರೆ ಕುಡಿ, ಹೊಳೆಯನ್ನೇ ಹೊತ್ತುಕೊಂಡು ಹೋಗಬೇಡ, ಅಷ್ಟೇ ಅಲ್ವಾ.

ಆದರೆ ಫೋನಿಗೆ ಯಾರು ಹೇಳೋದು? ನಿನ್ನೆ ಒಂದು ಜೊತೆ ಚಪ್ಪಲಿ ಕೊಂಡೆ. ಬೆಳಗ್ಗೆಯಿಂದ ಬರೀ ಚಪ್ಪಲಿ ಜಾಹೀರಾತು. ನನಗಿರೋದು ಎರಡೇ ಕಾಲು ಮಾರಾಯ್ರೆ.